ಮ್ಯಾನ್‌ಹೋಲ್ ಮುಚ್ಚಳ ಯಾಕೆ ದುಂಡಗಿದೆ?

ಇವತ್ತು ನವೆಂಬರ್ 19.

ಬೆಳಗ್ಗೆ ನಮ್ಮ ನ್ಯೂಸ್‌ರೂಮಿನ ಮೀಟಿಂಗ್‌ನಲ್ಲಿ ಡೆಸ್ಕಿನ ಹುಡುಗ ‘ಇಂದಿನ ವಿಶೇಷ’ ಅಂತ ಪಟ್ಟಿ ಓದಿದ. ಇಂದಿರಾ ಗಾಂಧಿ ಜನ್ಮದಿನ. ಝಾನ್ಸಿ ರಾಣಿ ಲಕ್ಷ್ಮೀಬಾಯಿ ಜನ್ಮದಿನ. ರಾಷ್ಟ್ರೀಯ ಭಾವೈಕ್ಯತಾ ಸಪ್ತಾಹದ ಮೊದಲ ದಿನ. ಮಹಿಳಾ ಉದ್ಯಮಶೀಲತಾ ದಿನ. ಅಂತಾರಾಷ್ಟ್ರೀಯ ಪುರುಷರ ದಿನ. ವಿಶ್ವ ಶೌಚಾಲಯ ದಿನ. ಕೊನೆಯ ಎರಡು ಹೆಸರು ಒಟ್ಟಿಗೆ ಬಂದಿದ್ದೇ ತಡ, ಇಡೀ ರೂಮು ನಕ್ಕಿತು. ನಾನೂ ನಕ್ಕೆ. ಅಷ್ಟರಲ್ಲಿ ನನ್ನ ಭಾವಮೈದುನನ ಮೆಸೇಜೂ ಬಂತು. “ಭಾವ, ಗಂಡಸರಿಗೆ ಅಂತ ವರ್ಷಕ್ಕೊಂದೇ ದಿನ ಕೊಟ್ರು, ಅದರಲ್ಲೂ ಕಕ್ಕಸಿನ ಜೊತೆ ಪಾಲು!” ಈ ಜೋಕು ನಿಮ್ಮ ಫೋನಿಗೂ ಬಂದಿರುತ್ತೆ ಬಿಡಿ.

ನಕ್ಕಿದ್ದಾಯ್ತು. ಈಗ ಸ್ವಲ್ಪ ಈ ದಿನಗಳ ಜಾತಕ ನೋಡೋಣ.

ಪುರುಷರ ದಿನ ಹುಟ್ಟಿದ್ದು ಟ್ರಿನಿಡಾಡ್ ಆಂಡ್ ಟೊಬೆಗೊದಲ್ಲಿ. ಕ್ರಿಕೆಟ್ ನೋಡೋರಿಗೆ ಬ್ರಯಾನ್ ಲಾರಾ ಊರು ಅಂದ್ರೆ ಸಾಕು. ಅಲ್ಲಿ ಇತಿಹಾಸ ಪಾಠ ಮಾಡುವ ಜೆರೋಮ್ ಟೀಲಕ್‌ಸಿಂಗ್ 1999ರಲ್ಲಿ ಈ ದಿನವನ್ನು ಶುರು ಮಾಡಿದರು. ನವೆಂಬರ್ 19 ಅವರ ತಂದೆಯ ಹುಟ್ಟುಹಬ್ಬ. ಇನ್ನೊಂದು ಕಾರಣವೂ ಇತ್ತು. 1989ರ ಇದೇ ದಿನ ಆ ದೇಶದ ಫುಟ್‌ಬಾಲ್ ತಂಡ ತನ್ನ ನೆಲದಲ್ಲೇ ಅಮೆರಿಕದ ಎದುರು ಒಂದು ಗೋಲಿನಿಂದ ಸೋತು ವಿಶ್ವಕಪ್ ಅವಕಾಶ ಕಳ್ಕೊಂಡಿತ್ತು. ಕಲ್ಲು ಬೀಳಲಿಲ್ಲ, ಕುರ್ಚಿ ಮುರಿಯಲಿಲ್ಲ. ಜನ ಸೋಲನ್ನು ಎಷ್ಟು ಘನತೆಯಿಂದ ತಗೊಂಡರು ಅಂದ್ರೆ, ಫಿಫಾ ಆ ಪ್ರೇಕ್ಷಕರಿಗೇ ಫೇರ್ ಪ್ಲೇ ಪ್ರಶಸ್ತಿ ಕೊಟ್ಟಿತು. ಒಳ್ಳೆಯ ಅಪ್ಪ, ಸೋತಾಗಲೂ ಮರ್ಯಾದೆ ಬಿಡದ ಗಂಡಸು. ಆ ದಿನದ ಹಿಂದಿರುವ ಯೋಚನೆ ಇದು.

ಶೌಚಾಲಯ ದಿನದ ಹಿಂದೆ ಇರೋದು ಸಿಂಗಪುರದ ವ್ಯಾಪಾರಿ ಜ್ಯಾಕ್ ಸಿಮ್. ನಲವತ್ತಕ್ಕೇ ವ್ಯಾಪಾರ ಸಾಕು ಅಂದ ಮನುಷ್ಯ, ಯಾರೂ ಬಾಯಿಬಿಟ್ಟು ಮಾತಾಡದ ವಿಷಯವನ್ನೇ ಹಿಡಿದರು. 2001ರ ನವೆಂಬರ್ 19ರಂದು ವರ್ಲ್ಡ್ ಟಾಯ್ಲೆಟ್ ಆರ್ಗನೈಸೇಷನ್ ಕಟ್ಟಿದರು. ಚಿಕ್ಕದಾಗಿ ಹೇಳಿದರೆ ಡಬ್ಲ್ಯುಟಿಒ! ವಿಶ್ವ ವ್ಯಾಪಾರ ಸಂಸ್ಥೆಯ ಹೆಸರನ್ನೇ ತಮಾಷೆಗೆ ಎಳ್ಕೊಂಡ್ರು. ಜನ ಮೊದಲು ನಗಲಿ, ಆಮೇಲೆ ಕೇಳ್ತಾರೆ ಅನ್ನೋದು ಅವರ ಲೆಕ್ಕ. ಲೆಕ್ಕ ತಪ್ಪಲಿಲ್ಲ. 2013ರಲ್ಲಿ ವಿಶ್ವಸಂಸ್ಥೆಯೇ ಈ ದಿನವನ್ನು ಒಪ್ಪಿಕೊಂಡಿತು.

ಅಂದ್ರೆ ಎರಡೂ ದಿನ ಒಂದೇ ತಾರೀಖಿಗೆ ಬಂದಿದ್ದು ಬರೀ ಕಾಕತಾಳೀಯ. ಆದರೆ ಇವೆರಡೂ ನಿಜವಾಗಿ ಸೇರುವ ಜಾಗ ಒಂದಿದೆ. ಅದು ಕ್ಯಾಲೆಂಡರಿನಲ್ಲಿಲ್ಲ. ನಮ್ಮ ಮನೆ ಮುಂದಿನ ರಸ್ತೆಯಲ್ಲಿದೆ.

ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್. ಕೊನೇ ವರ್ಷದ ಕ್ಯಾಂಪಸ್ ಸಂದರ್ಶನದಲ್ಲಿ ನನಗೊಂದು ಪ್ರಶ್ನೆ ಬಿತ್ತು. ಮ್ಯಾನ್‌ಹೋಲ್ ಮುಚ್ಚಳ ಯಾಕೆ ದುಂಡಗಿರುತ್ತೆ? ಎಂಜಿನಿಯರಿಂಗ್ ಓದಿದವರಿಗೆಲ್ಲ ಇದು ಬಾಯಿಪಾಠ. ಚೌಕದ ಮುಚ್ಚಳವನ್ನು ಎತ್ತಿ ಓರೆಯಾಗಿ ಹಿಡಿದರೆ ಕರ್ಣದ ಉದ್ದಕ್ಕೆ ಜಾರಿ ಒಳಗೆ ಬೀಳುತ್ತೆ. ವೃತ್ತದ ಅಗಲ ಎಲ್ಲ ಕಡೆಯೂ ಒಂದೇ, ಹೇಗೆ ತಿರುಗಿಸಿದರೂ ಬೀಳಲ್ಲ. ಉತ್ತರ ಸರಿಯಾಗಿತ್ತು. ಎದುರಿಗಿದ್ದವರು ತಲೆಯಾಡಿಸಿದರು. ನಾನು ಬೀಗಿದೆ.

ಆ ಮುಚ್ಚಳ ತೆಗೆದು ಒಳಗೆ ಇಳಿಯೋದು ಯಾರು ಅಂತ ಅವರು ಕೇಳಲಿಲ್ಲ. ನಾನೂ ಯೋಚಿಸಲಿಲ್ಲ. ಮುಚ್ಚಳ ಬೀಳಬಾರದು ಅಂತ ಅಷ್ಟು ತಲೆ ಓಡಿಸಿದ್ದೀವಿ. ಮನುಷ್ಯ ಬೀಳಬಾರದು ಅಂತ? ಹೆಸರೇ ನೋಡಿ, ಮ್ಯಾನ್ ಹೋಲ್. ಮನುಷ್ಯ ಇಳಿಯಲಿ ಅಂತಲೇ ಮಾಡಿದ ತೂತು.

ಒಳಗೆ ಏನಾಗುತ್ತೆ ಅಂತ ಹೇಳ್ತೀನಿ ಕೇಳಿ, ಇದು ಪ್ರತಿ ಮನೆಗೂ ಗೊತ್ತಿರಬೇಕಾದ ವಿಷಯ. ಗಾಳಿ ಆಡದ ಜಾಗದಲ್ಲಿ ಮಲ ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತೆ. ಕೊಳೆತ ಮೊಟ್ಟೆ ವಾಸನೆ. ಗಾಳಿಗಿಂತ ಭಾರ, ಹಾಗಾಗಿ ತಳದಲ್ಲೇ ಕೂತಿರುತ್ತೆ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು ನೂರು ಭಾಗ ಈ ಅನಿಲ ಸೇರಿದರೆ ಸಾಕು, ಮೂಗು ಮರಗಟ್ಟಿ ವಾಸನೆಯೇ ಗೊತ್ತಾಗಲ್ಲ. ‘ಈಗ ವಾಸನೆ ಕಡಿಮೆ ಆಯ್ತು’ ಅಂತ ಒಳಗಿದ್ದವನು ಅಂದುಕೊಳ್ಳೋ ಹೊತ್ತಿಗೇ ಅಪಾಯ ಹೆಚ್ಚಾಗಿರುತ್ತೆ. ಇನ್ನೂ ಹೆಚ್ಚಾದರೆ ಒಂದೆರಡು ಉಸಿರಿಗೇ ಪ್ರಜ್ಞೆ ಹೋಗುತ್ತೆ. ಕೂಗೋಕೂ ಪುರುಸೊತ್ತಿರಲ್ಲ. ಮೇಲಿದ್ದವನು ನೋಡ್ತಾನೆ, ಜೊತೆಗಾರ ಬಿದ್ದ. ಎತ್ತೋಣ ಅಂತ ಅವನೂ ಇಳೀತಾನೆ. ಅವನೂ ಬೀಳ್ತಾನೆ. ಈ ಸುದ್ದಿಗಳಲ್ಲಿ ಇಬ್ಬರು, ಮೂವರು ಅಂತ ಯಾಕೆ ಇರುತ್ತೆ ಅಂದ್ರೆ, ಎರಡನೆಯವನು ಕೆಲಸಕ್ಕೆ ಇಳಿದವನಲ್ಲ, ಕಾಪಾಡೋಕೆ ಇಳಿದವನು.

ಇಲ್ಲಿ ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ಮೂರು ವರ್ಷದ ಹಿಂದೆ ಇದೇ ಕುರ್ಚಿಯಲ್ಲಿ ಕೂತು ‘ಸೆಪ್ಟಿಕ್ ಟ್ಯಾಂಕ್ ಸ್ವಚ್ಛತೆ ವೇಳೆ ಇಬ್ಬರು ಕಾರ್ಮಿಕರ ಸಾವು’ ಅಂತ ಓದಿದ್ದೆ. ಇಪ್ಪತ್ತು ಸೆಕೆಂಡು. ಮುಂದಿನದು ಸಿನಿಮಾ ಸುದ್ದಿ, ಮುಖದ ಮೇಲೆ ನಗು ತಂದ್ಕೊಂಡೆ. ಬುಲೆಟಿನ್ ಮುಗಿದ ಮೇಲೆ ಸ್ಟುಡಿಯೋದ ಸಹಾಯಕರೊಬ್ಬರು ಮೈಕ್ ಬಿಚ್ಚುತ್ತಾ ಮೆಲ್ಲಗೆ ಅಂದರು, “ಸಾರ್, ಅವರ ಹೆಸರು ಹೇಳ್ಲೇ ಇಲ್ವಲ್ಲ.” ಸ್ಕ್ರಿಪ್ಟಲ್ಲಿ ಇರಲಿಲ್ಲ ಅಂದೆ. ಅವರು ಸುಮ್ಮನಾದರು. ನಮ್ಮ ದೊಡ್ಡಪ್ಪನೂ ಇದೇ ಕೆಲಸ ಮಾಡ್ತಿದ್ರು ಅಂತ ಆಮೇಲೊಂದು ದಿನ ಟೀ ಕುಡೀವಾಗ ಹೇಳಿದರು. ಇವತ್ತು ಬೆಳಗ್ಗೆ ಪಟ್ಟಿ ಓದಿ ನಾವೆಲ್ಲ ನಕ್ಕಾಗ ಅವರು ಆ ರೂಮಿನಲ್ಲೇ ಇದ್ದರು. ಅದಕ್ಕೇ ಈ ಮಾತು.

ಕಾನೂನು ಇಲ್ಲ ಅನ್ನೋ ಹಾಗಿಲ್ಲ. ನಮ್ಮ ರಾಜ್ಯದ್ದು ದೊಡ್ಡ ಹೆಸರು. 1970ರ ದಶಕದಲ್ಲಿ, ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ದೇಶಕ್ಕೆ ಅಂಥ ಕಾನೂನು ಬಂದಿದ್ದು 1993ರಲ್ಲಿ. ಈ ಪದ್ಧತಿ ವಿರುದ್ಧ ದೇಶ ಸುತ್ತಿ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಹುಟ್ಟಿದ್ದು ನಮ್ಮ ಕೆಜಿಎಫ್‌ನಲ್ಲಿ, ಇದೇ ಕೆಲಸ ಮಾಡುತ್ತಿದ್ದ ಕುಟುಂಬದಲ್ಲಿ. ಚಿನ್ನ ಅಗೆದ ಊರಲ್ಲೇ ಕಕ್ಕಸು ಬಳಿಯುವ ಮನೆತನಗಳೂ ಇದ್ದವು. ಇಷ್ಟೆಲ್ಲ ಆದಮೇಲೂ 2010ರಲ್ಲಿ ಹಾವೇರಿ ಜಿಲ್ಲೆ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮ ಮೈಮೇಲೆ ಮಲ ಸುರ್ಕೊಂಡು ಪ್ರತಿಭಟಿಸಬೇಕಾಯ್ತು. ಆ ದೃಶ್ಯ ನೋಡಿದವರು ಮರೆತಿರಲ್ಲ.

2013ರಲ್ಲಿ ಇನ್ನೂ ಕಠಿಣ ಕಾನೂನು ಬಂತು. ರಕ್ಷಣಾ ಸಾಧನ ಇಲ್ಲದೆ ಯಾರನ್ನಾದರೂ ಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಇಳಿಸಿದರೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಗುತ್ತಿಗೆದಾರನಿಗೆ ಮಾತ್ರ ಅಲ್ಲ, ಇಳಿಸಿದ ಮನೆ ಯಜಮಾನನಿಗೂ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿತು. ಅದಕ್ಕೂ ಮೊದಲು ಅದು 10 ಲಕ್ಷ ಇತ್ತು. ನೋಡಿ, ಪರಿಹಾರದ ಮೊತ್ತ ಏರುತ್ತಲೇ ಇದೆ. ಅದು ಬೇಕಾಗದ ದಿನ ಇನ್ನೂ ಬಂದಿಲ್ಲ.

ಈಗ ಶೌಚಾಲಯದ ಕಡೆ ಬರೋಣ. 2014ರ ನಂತರ ನಮ್ಮ ಹಳ್ಳಿಗಳಲ್ಲಿ ಕೋಟಿಗಟ್ಟಲೆ ಶೌಚಾಲಯ ಎದ್ದವು. ಕತ್ತಲಾಗೋವರೆಗೆ ಕಾಯುತ್ತಿದ್ದ ತಾಯಂದಿರಿಗೆ ಅದು ಏನು ಅಂತ ಅವರನ್ನೇ ಕೇಳಿ, ಅದನ್ನು ನಾನು ಸಣ್ಣದು ಮಾಡಲ್ಲ. ಆದರೆ ಎಂಜಿನಿಯರ್ ಆಗಿ ಒಂದು ಮಾತು ಹೇಳಲೇಬೇಕು. ಶೌಚಾಲಯ ಅಂದ್ರೆ ನಾಲ್ಕು ಗೋಡೆ, ಒಂದು ಬಾಗಿಲು ಅಷ್ಟೇ ಅಲ್ಲ. ಕೆಳಗೊಂದು ಗುಂಡಿ ಇರುತ್ತೆ. ಆ ಗುಂಡಿ ಇವತ್ತಲ್ಲ ನಾಳೆ ತುಂಬುತ್ತೆ. ಅವತ್ತು ಯಾರನ್ನು ಕರೀತೀರಿ? ಅವಳಿ ಗುಂಡಿ ಮಾಡಿಸಿದ್ದರೆ ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಬಹುದು, ಮೊದಲನೆಯದು ಒಂದೆರಡು ವರ್ಷದಲ್ಲಿ ಗೊಬ್ಬರ ಆಗುತ್ತೆ. ದೊಡ್ಡ ಸೆಪ್ಟಿಕ್ ಟ್ಯಾಂಕ್ ಇದ್ದರೆ ಸಕ್ಕಿಂಗ್ ಮಷೀನ್ ಲಾರಿ ಬರಬೇಕು. ಲಾರಿಗೆ ದುಡ್ಡು ಜಾಸ್ತಿ, ಗಲ್ಲಿಗೆ ಬರಲ್ಲ ಅಂತ ಯಾರಿಗೋ ಫೋನ್ ಮಾಡ್ತೀವಲ್ಲ, ಒಂದು ಕ್ವಾರ್ಟರ್, ಕೈಗಿಷ್ಟು ಕಾಸು ಅಂತ ಚೌಕಾಸಿ ಮಾಡ್ತೀವಲ್ಲ, ತಪ್ಪು ಅಲ್ಲಿ ಶುರುವಾಗುತ್ತೆ.

ಪುರುಷರ ದಿನದ ಶುಭಾಶಯ ಕಳಿಸುವ ಸ್ನೇಹಿತರೇ, ನಮ್ಮ ಕಷ್ಟವೂ ಕಷ್ಟವೇ, ಇಲ್ಲ ಅನ್ನಲ್ಲ. ಈ ದೇಶದಲ್ಲಿ ಆತ್ಮಹತ್ಯೆ ಮಾಡ್ಕೊಳ್ಳೋ ಹತ್ತು ಜನರಲ್ಲಿ ಸುಮಾರು ಏಳು ಮಂದಿ ಗಂಡಸರು. ಅದರ ಬಗ್ಗೆ ಮಾತಾಡಲೇಬೇಕು. ಆದರೆ ಚರಂಡಿಗೆ ಇಳಿಯುವವನೂ ಗಂಡಸೇ. ಅವನಿಗೂ ಹೆಂಡತಿ ಇದ್ದಾಳೆ, ಶಾಲೆಗೆ ಹೋಗುವ ಮಗಳಿದ್ದಾಳೆ. ಅವನು ಆ ಕೆಲಸಕ್ಕೆ ಬಂದಿದ್ದು ಹುಟ್ಟಿದ ಜಾತಿಯ ದೆಸೆಯಿಂದ. ಪುರುಷರ ದಿನ ಅವನಿಗೂ ಸೇರಬೇಕಲ್ವಾ?

2020ರ ಇದೇ ನವೆಂಬರ್ 19ರಂದು ಕೇಂದ್ರ ಸರ್ಕಾರ ‘ಸಫಾಯಿಮಿತ್ರ ಸುರಕ್ಷಾ’ ಅಭಿಯಾನ ಶುರು ಮಾಡಿತು. ಮ್ಯಾನ್‌ಹೋಲ್ ಹೋಗಿ ಮಷೀನ್‌ಹೋಲ್ ಆಗಬೇಕು ಅಂದಿತು. 14420 ಅನ್ನೋ ಸಹಾಯವಾಣಿಯನ್ನೂ ಆಗಲೇ ಕೊಟ್ಟಿದ್ದು. ಬೆಂಗಳೂರಿನವರಿಗೆ ಜಲಮಂಡಳಿಯ 1916 ಇದೆ. ಎರಡೂ ನಂಬರು ಫೋನಲ್ಲಿ ಸೇವ್ ಮಾಡ್ಕೊಳ್ಳಿ. ಗುಂಡಿ ತುಂಬಿದರೆ ಮಷೀನನ್ನೇ ಕರೆಸಿ. ನಿಮ್ಮ ಅಪಾರ್ಟ್‌ಮೆಂಟ್ ಸಭೆಯಲ್ಲಿ, ನಿಮ್ಮ ಬೀದಿಯಲ್ಲಿ ‘ಯಾರನ್ನಾದರೂ ಇಳಿಸೋಣ’ ಅಂತ ಒಬ್ಬರು ಅಂದ್ರೆ, ಬೇಡ ಅನ್ನೋ ಇನ್ನೊಬ್ಬರು ನೀವಾಗಿ. ಅಕಸ್ಮಾತ್ ಯಾರಾದರೂ ಒಳಗೆ ಬಿದ್ದದ್ದು ಕಂಡರೆ ದಯವಿಟ್ಟು ನೀವು ಇಳಿಯಬೇಡಿ, ಯಾರನ್ನೂ ಇಳಿಸಬೇಡಿ. 101 ಅಥವಾ 112ಕ್ಕೆ ಫೋನ್ ಮಾಡಿ. ಅಗ್ನಿಶಾಮಕ ದಳದವರ ಹತ್ತಿರ ಉಸಿರಾಟದ ಸಾಧನ ಇರುತ್ತೆ.

ನನ್ನ ಪಾಲಿಗೂ ಒಂದು ಕೆಲಸ ಇದೆ. ಇನ್ನು ಮುಂದೆ ಇಂಥ ಸುದ್ದಿ ಬಂದಾಗ ಸತ್ತವರ ಹೆಸರು ಕೇಳಿ ತಿಳ್ಕೊಂಡೇ ಓದ್ತೀನಿ. ಇಳಿಸಿದವರು ಯಾರು ಅಂತಾನೂ ಕೇಳ್ತೀನಿ. ನಾನು ಮರೆತರೆ ನೀವು ನೆನಪಿಸಿ.