ತಮಟೆ ಇರಲಿ, ಬಿಟ್ಟಿ ಹೋಗಲಿ

(ಹಾಸ್ಟೆಲ್ ವಿದ್ಯಾರ್ಥಿಗಳ ಹಾಡು-ನಾಟಕ ಶಿಬಿರದಲ್ಲಿ ಆಡಿದ ಮಾತಿನ ಬರಹ ರೂಪ)



ಶಿಬಿರದ ಮೊದಲ ದಿನವೇ ಇಲ್ಲೊಂದು ಜಗಳ ಎದ್ದಿದೆ. ನಾಟಕಕ್ಕೆ ತಮಟೆ ಬೇಕೇಬೇಕು ಅಂತ ಕೆಲವರು. ನಮ್ಮಪ್ಪ ಬಡಿದದ್ದೇ ಸಾಕು, ಬಿ.ಎ. ಓದೋಕೆ ಬಂದ ಮೇಲೂ ಅದನ್ನೇ ಕುತ್ತಿಗೆಗೆ ಹಾಕ್ಕೋಬೇಕಾ ಅಂತ ಇನ್ನು ಕೆಲವರು. ಇದು ಒಳ್ಳೆಯ ಜಗಳ. ಮುಚ್ಚಿಹಾಕೋದು ಬೇಡ, ಬಿಚ್ಚಿ ನೋಡೋಣ.

ಬೇಡ ಅನ್ನೋರ ಮಾತು ಮೊದಲು ಕೇಳೋಣ. ಅದರಲ್ಲಿ ಸತ್ಯ ಇದೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಹಳ್ಳಿಗಳಲ್ಲಿ ತಮಟೆಯನ್ನು ಊರು ಕಲೆ ಅಂತ ಕರೆದಿಲ್ಲ, ಚಾಕರಿ ಅಂತ ಕರೆದಿದೆ. ಹೆಣ ಎತ್ತಿದರೆ ಬಡಿ. ದೇವರು ಹೊರಟರೆ ಬಡಿ. ಗೌಡರ ಅಪ್ಪಣೆ ಆದರೆ ಡಂಗೂರ ಸಾರು. ಕೂಲಿ ಕೇಳಿದರೆ ಸುಗ್ಗಿ ಕಾಲಕ್ಕೆ ಕಣದ ಮೂಲೆಯಲ್ಲಿ ಉಳಿದ ಕಾಳು. ದೇವರ ಮುಂದೆ ತಮಟೆ ಬೇಕು, ತಮಟೆ ಹಿಡಿದವನು ಗುಡಿಯೊಳಕ್ಕೆ ಬೇಡ. ಇದನ್ನು ಉಂಡು ಉಂಡು ಸಾಕಾಗಿ ಎಷ್ಟೋ ಕೇರಿಗಳ ಹಿರಿಯರು ‘ಇನ್ನು ಬಡಿಯಲ್ಲ’ ಅಂದರು. ಅಂದದ್ದಕ್ಕೆ ಅಂಗಡಿ ಬಂದ್, ಕೂಲಿ ಬಂದ್, ನೀರು ಬಂದ್.

ಬಾಬಾಸಾಹೇಬರೂ ಇದೇ ಗಂಟಿಗೆ ಕೈ ಹಾಕಿದವರು. ಮಹಾರರನ್ನು ಊರ ಚಾಕರಿಗೆ ಕಟ್ಟಿಹಾಕಿದ್ದ ವತನ ಪದ್ಧತಿಯ ವಿರುದ್ಧ 1928ರಲ್ಲೇ ಮುಂಬಯಿ ಶಾಸನಸಭೆಗೆ ಮಸೂದೆ ತಂದರು. ನಮ್ಮಲ್ಲಿ ತೋಟಿ, ತಳವಾರಿಕೆಯಂಥ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕುವ ಕಾಯ್ದೆ 1961ರಲ್ಲಿ ಆಯಿತು. ದಲಿತರಿಂದ ಬಿಟ್ಟಿ ಮಾಡಿಸೋದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. 2015ರ ತಿದ್ದುಪಡಿ ಬಹಿಷ್ಕಾರ ಹಾಕೋದನ್ನೂ ಅಪರಾಧ ಅಂತ ಬಿಡಿಸಿ ಹೇಳಿತು. ಈ ಕಾಯ್ದೆಗಳ ಹೆಸರು ನಿಮಗೆ ಬಾಯಿಪಾಠ ಇರಬೇಕು. ಕಾನೂನು ಪುಸ್ತಕದಲ್ಲಿ ಮಲಗಿರುತ್ತೆ, ಎಬ್ಬಿಸೋರು ನಾವೇ.

ಈಗ ಬೇಕು ಅನ್ನೋರ ಮಾತು. ಚಾಕರಿ ಊರಿನದು, ಸರಿ. ಆದರೆ ವಿದ್ಯೆ ಯಾರದು? ಚರ್ಮ ಹದ ಮಾಡಿದವನು, ಬಳೆಗೆ ಬಿಗಿದವನು, ಹುಲ್ಲಿನ ಉರಿಗೆ ಹಿಡಿದು ಎಷ್ಟು ಕಾದರೆ ನಾದ ಬರುತ್ತೆ ಅಂತ ಬೆರಳಲ್ಲೇ ಅಳೆದವನು ನಮ್ಮ ತಾತ. ಒಂದು ಉದ್ದನೆ ತೆಳು ಕಡ್ಡಿ, ಒಂದು ಗಿಡ್ಡ ದಪ್ಪ ಕಡ್ಡಿ. ಇಷ್ಟರಲ್ಲೇ ಸಾವಿಗೊಂದು ಗತ್ತು, ಮದುವೆಗೊಂದು ಗತ್ತು, ಜಾತ್ರೆಗೊಂದು ಗತ್ತು. ಕತ್ತಲಲ್ಲಿ ಎರಡು ಹೊಲ ಆಚೆಯಿಂದ ಕೇಳಿ ‘ಯಾರೋ ಹೋದರು’ ಅಂತ ನಮ್ಮ ಅವ್ವ ಹೇಳ್ತಾಳಲ್ಲ, ಅದು ಭಾಷೆ ಅಲ್ಲವೇ? ಆ ಭಾಷೆಗೆ ಯಾವ ಗೌಡನೂ ಅಕ್ಷರ ಕಲಿಸಲಿಲ್ಲ.

ಎಪ್ಪತ್ತರ ದಶಕದಲ್ಲಿ ನಮ್ಮ ಹಿರಿಯರು ಈ ಗಂಟನ್ನು ಬಿಡಿಸಿದ ರೀತಿ ನೋಡಿ. ಊರ ದೇವರ ಮುಂದೆ ಬಡಿಯಲ್ಲ ಅಂದ ಕೈಗಳೇ ಚಳವಳಿಯ ಮೆರವಣಿಗೆಯ ಮುಂದೆ ತಮಟೆ ಹಿಡಿದವು. 1975ರಲ್ಲಿ ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಪುಸ್ತಕ ಕೊಳ್ಳಲಾಗದವರ ಬಾಯಿಗೂ ಆ ಹಾಡುಗಳು ಹೋದವು. ಅದೇ ವರ್ಷ ಹುಟ್ಟಿದ ‘ಸಮುದಾಯ’ ತಂಡ ನಾಟಕವನ್ನು ಬೀದಿಗೆ ತಂತು. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ದಲಿತರನ್ನು ಕೊಂದು ಸುಟ್ಟ ಸುದ್ದಿ, ಸಿ.ಜಿ. ಕೃಷ್ಣಸ್ವಾಮಿಯವರ ‘ಬೆಲ್ಚಿ’ ಬೀದಿನಾಟಕವಾಗಿ ಕರ್ನಾಟಕದ ಬೀದಿಗಳಲ್ಲಿ ನಿಂತು ಮಾತಾಡಿತು. ಬೀದಿನಾಟಕಕ್ಕೆ ಪರದೆ ಬೇಡ, ದೀಪ ಬೇಡ, ಗುಡಿ ಮುಂದಿನ ಜಗಲಿಯ ಅಪ್ಪಣೆಯೂ ಬೇಡ. ತಮಟೆ ಬಡಿದರೆ ಜನ ಸೇರುತ್ತೆ.

ಹಾಗಂತ ನಮ್ಮೂರ ‘ಕುರುಕ್ಷೇತ್ರ’ ನಾಟಕವನ್ನು ಹೀಗಳೆಯಬೇಡಿ. ಹಾರ್ಮೋನಿಯಂ ಮೇಷ್ಟ್ರಿಗೆ ದುಡ್ಡು, ಸೀನರಿಗೆ ದುಡ್ಡು, ದುರ್ಯೋಧನ ಆಗಬೇಕಾದರೆ ಪಾತ್ರಕ್ಕೂ ದುಡ್ಡು. ಸಾಲ ಮಾಡಿ ಒಂದು ರಾತ್ರಿ ಕಿರೀಟ ಇಟ್ಟು, ಬೆಳಗಾದರೆ ಅದೇ ಗೌಡರ ಹೊಲಕ್ಕೆ ಕೂಲಿ ಹೋಗ್ತಾನೆ ನಮ್ಮ ಚಿಕ್ಕಪ್ಪ. ನಗು ಬರುತ್ತೆ, ಹೊಟ್ಟೆಯೂ ಉರಿಯುತ್ತೆ. ಆದರೆ ಓದು ಬರದ ಅದೇ ಚಿಕ್ಕಪ್ಪ ರಾತ್ರಿಯಿಡೀ ತಪ್ಪದೆ ಪದ್ಯ ಹೇಳ್ತಾನೆ. ಆ ಗಂಟಲಿಗೆ ನಮ್ಮ ಮಾತು ಕೊಡೋದು ನಮ್ಮ ಕೆಲಸ. ಕುವೆಂಪು 1928ರಲ್ಲೇ ‘ಜಲಗಾರ’ ಬರೆದರು, ಪೊರಕೆ ಹಿಡಿದವನನ್ನು ನಾಯಕ ಮಾಡಿದರು. ಸಿದ್ದಲಿಂಗಯ್ಯ ‘ಏಕಲವ್ಯ’ ಬರೆದರು. ಮುಂದಿನದನ್ನು ಬರೆಯೋರು ಈ ಹಾಸ್ಟೆಲಿನ ಒಳಗೇ ಇದ್ದೀರಿ.

ಈಗ ಇನ್ನೊಂದು ಅಪಾಯ. ಬಿಟ್ಟಿ ವೇಷ ಬದಲಾಯಿಸಿಕೊಂಡು ಬರ್ತಾ ಇದೆ. ಮಂತ್ರಿ ಬರ್ತಾರೆ ಅಂತ ಬೆಳಿಗ್ಗೆಯಿಂದ ಬಿಸಿಲಲ್ಲಿ ತಮಟೆಯವರನ್ನು ನಿಲ್ಲಿಸ್ತಾರೆ. ಆಹ್ವಾನ ಪತ್ರಿಕೆಯಲ್ಲಿ ಹಾರ ಹಾಕೋರ ಹೆಸರೂ ಇರುತ್ತೆ. ಬಡಿಯೋರು ಮಾತ್ರ ‘ಜಾನಪದ ಕಲಾತಂಡ’. ಊರ ಗೌಡ ಹೆಸರು ಹಿಡಿದು ಕರೀಲಿಲ್ಲ, ಆಹ್ವಾನ ಪತ್ರಿಕೆಯೂ ಕರೆಯಲ್ಲ. 2023ರಲ್ಲಿ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂತು. ನಮ್ಮ ಸೀಮೆಯ ಒಬ್ಬ ಹಿರಿಯರ ಹೆಸರು ದಿಲ್ಲಿಯಲ್ಲಿ ಕೂಗಿದರು, ಸಂತೋಷ. ಕೇರಿ ಕೇರಿಯ ತಮಟೆಯವರ ಹೆಸರು ತಾಲ್ಲೂಕು ಆಫೀಸಿನ ಮುಂದೆಯೂ ಕೂಗಲಿ ಅಂತ ನನ್ನ ಆಸೆ.

ಆದ್ದರಿಂದ ಯಾರೇ ತಮಟೆಗೆ ಕರೆದರೂ ಮೂರು ಪ್ರಶ್ನೆ ಕೇಳಿ. ಬಡಿಯಲ್ಲ ಅನ್ನೋ ಸ್ವಾತಂತ್ರ್ಯ ಇದೆಯಾ? ಕೂಲಿ ಮೊದಲೇ ಮಾತಾಡಿದ್ದೀರಾ? ಬಡಿದಾದ ಮೇಲೆ ಎಲ್ಲರ ಪಂಕ್ತಿಯಲ್ಲಿ ಕೂತು ಉಣ್ಣೋಕೆ ಜಾಗ ಇದೆಯಾ? ಮೂರಕ್ಕೂ ಹೌದು ಅಂದರೆ ಅದು ಕಲೆ. ಒಂದಕ್ಕೆ ಇಲ್ಲ ಅಂದರೂ ಅದು ಬಿಟ್ಟಿ, ಕಡ್ಡಿ ಕೆಳಗಿಡಿ.

ಹೊರಗಿನವರಿಗೆ ಹೇಳಿದ್ದಾಯಿತು, ಒಳಗಿನ ಮಾತೂ ಇದೆ. ‘ತಮಟೆ ಅವರದು, ನಮ್ಮ ಪೈಕಿ ಅಲ್ಲ’ ಅನ್ನೋ ಪಿಸುಮಾತು ಹಾಸ್ಟೆಲ್ ರೂಮುಗಳಲ್ಲೂ ಕೇಳುತ್ತೆ. ಹೊಲೆಯ-ಮಾದಿಗ ಅಂತ ತಟ್ಟೆ ಬೇರೆ ಇಟ್ಟುಕೊಂಡು, ವೇದಿಕೆ ಮೇಲೆ ಒಂದೇ ಹಾಡು ಹಾಡಿದರೆ ಅದು ಬರೀ ನಾಟಕ. ಈ ಶಿಬಿರದಲ್ಲಿ ತಮಟೆ ಎಲ್ಲರ ಕುತ್ತಿಗೆಗೂ ಬರಬೇಕು. ತಂಗಿಯರ ಕುತ್ತಿಗೆಗೂ. ತಮಿಳುನಾಡಿನ ದಿಂಡಿಗಲ್ಲಿನಲ್ಲಿ ‘ಶಕ್ತಿ’ ತಂಡದ ದಲಿತ ಹೆಣ್ಣುಮಕ್ಕಳು ಪರೈ ಬಾರಿಸಿ ಕುಣಿದರು. ಗಂಡಸರದ್ದು ಅನ್ನೋ ಗೆರೆಯನ್ನು ಕಾಲಲ್ಲೇ ಅಳಿಸಿದರು.

ರಜಕ್ಕೆ ಊರಿಗೆ ಹೋದಾಗ ನಿಮ್ಮ ಕೇರಿಯ ಹಿರಿಯರ ಪಕ್ಕ ಕೂತು ಒಂದೊಂದು ಗತ್ತನ್ನೂ ಕಲಿತು ಬನ್ನಿ. ಕಲಿಸಿದವರ ಹೆಸರು, ಊರು ಬರೆದುಕೊಳ್ಳಿ, ಫೋನಿನಲ್ಲಿ ದನಿ ಹಿಡಿದುಕೊಳ್ಳಿ. ‘ಇದ್ಯಾಕಪ್ಪಾ ನಿನಗೆ, ಓದೋ ಹುಡುಗ’ ಅಂತಾರೆ ಅವರು. ‘ನಿನ್ನಿಂದ ಕಲಿಯೋದೂ ಓದೇ, ತಾತ’ ಅನ್ನಿ.

ಬಿಟ್ಟಿಯನ್ನು ಊರ ಬಾಗಿಲಲ್ಲೇ ಬಿಟ್ಟು, ನಾದವನ್ನು ಹೊತ್ತು ತನ್ನಿ. ತಮಟೆ ಕಾಯಲಿ, ನಾಟಕ ಶುರುವಾಗಲಿ.

ಜೈ ಭೀಮ್.