ಮೊಸರು ಬೇಡ ಅಂದ ದಿನ
ಹುಟ್ಟಿನಿಂದ ಸಸ್ಯಾಹಾರಿ ನಾನು. ವೀಗನ್ ಆಗೋದು ಸುಲಭ ಅಂದುಕೊಂಡಿದ್ದೆ. ಆದ್ರೆ ನಮ್ಮನೇಲಿ ಬೆಳಿಗ್ಗೆ ಫಿಲ್ಟರ್ ಕಾಫಿ, ಅನ್ನ-ಸಾರಿಗೆ ತುಪ್ಪ, ಕೊನೆಗೆ ಮೊಸರನ್ನ. ಮೊದಲ ದಿನ ಮೊಸರು ಬೇಡ ಅಂದಾಗ ಅಮ್ಮ, "ಯಾಕೋ, ಹುಳಿಯಾಗಿದ್ಯಾ?" ಅಂದ್ರು. ಉತ್ತರ ಹೇಳೋಕೆ ಎರಡು ದಿನ ಬೇಕಾಯ್ತು.

ಬಿಕಾಂ ಓದಿದವನು, ಲೆಕ್ಕ ಹಾಕಿದೆ. ಕ್ಯಾಲ್ಸಿಯಂಗೆ ರಾಗಿ ಇದೆ: 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ. ಜೊತೆಗೆ ಎಳ್ಳು. ಬಿ12 ಮಾತ್ರ ಸೊಪ್ಪು-ಕಾಳಿನಲ್ಲಿ ಸಿಗಲ್ಲ. ನಮಗೆ ಅದು ಬರ್ತಿದ್ದದ್ದೇ ಹಾಲು-ಮೊಸರಿನಿಂದ. ಅದಕ್ಕೇ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರ್ ಹೇಳಿದ ಮಾತ್ರೆ ತಗೊಳ್ತಿದೀನಿ. ನೀವು ಶುರು ಮಾಡೋದಾದ್ರೆ ಇದನ್ನ ಮರೀಬೇಡಿ.

ಈಗ ಅಮ್ಮ ಕಡಲೆಬೀಜದ ಹಾಲಿಗೆ ಹಸಿಮೆಣಸಿನಕಾಯಿ ತೊಟ್ಟು ಹಾಕಿ ಹೆಪ್ಪು ಹಾಕ್ತಾರೆ. "ಇದೂ ಒಂದು ಮೊಸರಾ!" ಅಂತ ಮುಖ ಸಿಂಡರಿಸ್ತಾನೇ ಬಡಿಸ್ತಾರೆ.