ಮಗುವಿನ ಖರ್ಚು ಜಗಳದ ಲೆಕ್ಕಕ್ಕೆ ಸೇರದು

(ಕ್ರ್ಯಾನ್‌ಬರಿಯ ಕುಟುಂಬ ಕೂಟದಲ್ಲಿ ಆಡಿದ ಮಾತು)

ಬಂಧುಗಳೇ, ಲೆಕ್ಕ ಬರೆಯುವ ನಮ್ಮನ್ನು ಮಾತಿಗೆ ನಿಲ್ಲಿಸಿದ್ದೀರಿ. ಹಾಗಾಗಿ ಲೆಕ್ಕದ ಮಾತನ್ನೇ ಆಡುತ್ತೇವೆ.

ಗಂಡ-ಹೆಂಡತಿ ನಡುವೆ ಬಿರುಕು ಬಂತು ಅಂದರೆ ನಮ್ಮಲ್ಲಿ ಕೆಲವರು ಮೊದಲು ನಿಲ್ಲಿಸುವುದು ಊರಿಗೆ ಕಳಿಸುವ ಹಣ. ಆಮೇಲೆ, "ಮಗು ನನ್ನದೇ ಅಂತ ಏನು ಗ್ಯಾರಂಟಿ? ಡಿಎನ್‌ಎ ಟೆಸ್ಟ್ ಆಗಲಿ" ಎನ್ನುತ್ತಾರೆ.

ಊರಿನ ಕಾನೂನು ಏನು ಹೇಳುತ್ತದೆ? ಮದುವೆ ಇರುವಾಗ ಹುಟ್ಟಿದ ಮಗು ಆ ಗಂಡನದ್ದೇ. ಅಲ್ಲ ಎನ್ನುವವರು, ಗರ್ಭ ನಿಂತ ಕಾಲದಲ್ಲಿ ಇಬ್ಬರೂ ಸೇರುವ ಅವಕಾಶವೇ ಇರಲಿಲ್ಲ ಎಂದು ತೋರಿಸಬೇಕು. ಬರೀ ಸಂಶಯಕ್ಕೆ ರಕ್ತಪರೀಕ್ಷೆಗೆ ಆದೇಶ ಕೊಡಲಾಗದು ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಗೌತಮ್ ಕುಂಡು ಪ್ರಕರಣದಲ್ಲಿ ಹೇಳಿದೆ. ಹಾಗಂತ ನಿಜವಾದ ಸಂಶಯಕ್ಕೆ ದಾರಿ ಇಲ್ಲವೆಂದಲ್ಲ. 2014ರ ನಂದಲಾಲ್ ಬಡವಾಯಿಕ್ ಪ್ರಕರಣದಲ್ಲಿ ಡಿಎನ್‌ಎ ವರದಿಯನ್ನೇ ಕೋರ್ಟ್ ಎತ್ತಿಹಿಡಿಯಿತು. ದಾರಿ ಕೋರ್ಟಿನದ್ದು, ಸಿಟ್ಟಿನದ್ದಲ್ಲ.

ತಲಾಖ್ ಆದರೆ ಹೊಣೆ ಮುಗಿಯಿತೇ? ಇಲ್ಲ. 1997ರ ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ಒಂದೊಂದು ಮಗುವಿಗೆ ತಿಂಗಳಿಗೆ 150 ರೂಪಾಯಿಯ ಪ್ರಶ್ನೆ ಇತ್ತು. ಎರಡು ವರ್ಷ ತುಂಬುವವರೆಗೆ ಮಾತ್ರ ಎಂಬ ವಾದ ಬಿದ್ದುಹೋಯಿತು. ಮಕ್ಕಳು ಪ್ರಾಯಕ್ಕೆ ಬರುವವರೆಗೆ, ಹೆಣ್ಣುಮಕ್ಕಳಿಗೆ ಮದುವೆಯಾಗುವವರೆಗೆ, ಹೊಣೆ ತಂದೆಯದ್ದೇ ಎಂದಾಯಿತು.

ಇನ್ನು ನಾವು ದುಡಿಯುವ ನ್ಯೂಜೆರ್ಸಿ. ಇಲ್ಲಿ ಸರಕಾರದ ಲೈಸೆನ್ಸ್ ಪಡೆಯದೆ ಬರೀ ನಿಕಾಹ್ ಮಾಡಿಕೊಂಡರೆ ಕಾನೂನು ಅದನ್ನು ಮದುವೆ ಎಂದು ಒಪ್ಪದು. ಆಗ ಆಸ್ಪತ್ರೆಯಲ್ಲಿ ತಂದೆತನದ ಪತ್ರಕ್ಕೆ ಇಬ್ಬರೂ ಸಹಿ ಹಾಕಬೇಕಾಗುತ್ತದೆ. ಸಂಶಯ ಇದ್ದರೆ ಸಹಿಗೆ ಮೊದಲೇ ಟೆಸ್ಟ್ ಕೇಳಿ. ಸಹಿ ಹಿಂದೆ ಪಡೆಯಲು 60 ದಿನ ಇದೆ. ಆಮೇಲೆ ಮೋಸ, ಬಲವಂತ, ದೊಡ್ಡ ತಪ್ಪುಗ್ರಹಿಕೆ ಸಾಬೀತು ಮಾಡಬೇಕು.

ಕೋರ್ಟ್ ಮೊತ್ತ ಗೊತ್ತುಮಾಡಿದ ಮೇಲೆ ಅದು ಸಾಮಾನ್ಯವಾಗಿ ಸಂಬಳದಿಂದಲೇ ಕಡಿತವಾಗುತ್ತದೆ. ಕೆಲಸ ಹೋಯಿತೇ? ಸುಮ್ಮನೆ ಕೂರಬೇಡಿ. 1986ರ ಫೆಡರಲ್ ಕಾನೂನಿನಂತೆ, ಒಮ್ಮೆ ಬಾಕಿ ಬಿದ್ದ ಹಣವನ್ನು ನ್ಯಾಯಾಧೀಶರೂ ಹಿಂದಿನಿಂದ ಕಡಿಮೆ ಮಾಡಲಾರರು. ಮೊತ್ತ ಇಳಿಸಬೇಕಾದರೆ ತಡಮಾಡದೆ ಕೋರ್ಟಿಗೆ ಅರ್ಜಿ ಹಾಕಬೇಕು. ಕ್ರ್ಯಾನ್‌ಬರಿಯವರಿಗೆ ಅದು ನ್ಯೂ ಬ್ರನ್ಸ್‌ವಿಕ್‌ನಲ್ಲಿದೆ. ಬಾಕಿ 2,500 ಡಾಲರ್ ದಾಟಿದರೆ ಅಮೆರಿಕದ ಪಾಸ್‌ಪೋರ್ಟೂ ಸಿಗದು.

ಊರಿಗೆ ಕಳಿಸುವವರು ಬ್ಯಾಂಕಿನ ಮೂಲಕವೇ ಕಳಿಸಿ, ರಸೀದಿ ಇಟ್ಟುಕೊಳ್ಳಿ. "ಅಣ್ಣನ ಕೈಲಿ ಕೊಟ್ಟಿದ್ದೆ" ಎಂಬ ಮಾತು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ಜಗಳ ಮುಗಿಯಲು ವರ್ಷ ಹಿಡಿಯಬಹುದು. ಶಾಲೆಯ ಫೀಸು ಜೂನ್‌ಗೇ ಕಟ್ಟಬೇಕು. ಹಣ ನಿಲ್ಲಿಸುವ ಯೋಚನೆ ಬಂದರೆ, ಮೊದಲು ನಮ್ಮಲ್ಲೊಬ್ಬರಿಗೆ ಫೋನ್ ಮಾಡಿ. ಕೂತು ಮಾತಾಡೋಣ.